ಖಾತೆ ಅಳಿಸುವ ಮೊದಲು ಪುರಾವೆ ಉಳಿಸಿಕೊಳ್ಳಿ

ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಪದವಿ ಓದುತ್ತಿದ್ದ ನನ್ನ ಅಕ್ಕನ ಮಗಳ ಹೆಸರಿನಲ್ಲಿ ಯಾರೋ ಇನ್‌ಸ್ಟಾಗ್ರಾಮ್‌ನಲ್ಲಿ ನಕಲಿ ಖಾತೆ ತೆರೆದು, ಆಕೆಯ ಮುಖವನ್ನು ಬೇರೊಬ್ಬರ ದೇಹಕ್ಕೆ ಜೋಡಿಸಿದ ಅಶ್ಲೀಲ ಚಿತ್ರಗಳನ್ನು ಹಾಕಿದರು. ಅವು ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದವು. ಆಕೆಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮೊಬೈಲ್ ಸದ್ದಾದರೆ ಬೆಚ್ಚಿಬೀಳುತ್ತಿದ್ದಳು. ಪ್ರಯೋಗಾಲಯದಲ್ಲಿ ಯಾರು ನಕ್ಕರೂ ತನ್ನನ್ನು ನೋಡಿಯೇ ನಕ್ಕರೆಂದು ಕುಗ್ಗಿ, ಕೊನೆಗೆ ಕಾಲೇಜಿಗೆ ಹೋಗುವುದನ್ನೇ ಬಿಟ್ಟಳು. ಹಾಜರಾತಿ ಸಾಲದೆ ಆ ಸೆಮಿಸ್ಟರ್ ಪರೀಕ್ಷೆಯೂ ಕೈತಪ್ಪಿತು. ಮನೆಯಲ್ಲಿ ಹೇಳಿದರೆ ಓದು ಬಿಡಿಸಿ ಊರಿಗೆ ಕರೆದೊಯ್ಯುತ್ತಾರೆಂಬ ಅಂಜಿಕೆಯಿಂದ ಆಕೆ ಬಾಯಿ ಬಿಟ್ಟಿರಲಿಲ್ಲ.

ಕಾಲೇಜಿನ ಹಿರಿಯರೊಬ್ಬರು, ಎಲ್ಲವನ್ನೂ ಅಳಿಸಿಹಾಕಿ ಕೆಲವು ದಿನ ಸುಮ್ಮನಿರುವಂತೆ ಸಲಹೆ ಕೊಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಅದರಿಂದಾದ ಹಾನಿ ದೊಡ್ಡದು. ಚಿತ್ರಗಳು ಹುಡುಗರ ಮೊಬೈಲ್‌ಗಳಲ್ಲಿ ಹರಿದಾಡುತ್ತಲೇ ಇದ್ದವು. ಅಳಿದುಹೋದದ್ದು ಆಕೆಗೆ ಬಂದಿದ್ದ ಬೆದರಿಕೆ ಸಂದೇಶಗಳು ಮತ್ತು ನಕಲಿ ಖಾತೆಯ ಲಿಂಕ್ ಮಾತ್ರ. ಸೈಬರ್ ಠಾಣೆಯಲ್ಲಿ ಮೊದಲು ಕೇಳಿದ್ದು ಅವನ್ನೇ. ಖಾತೆಯ ಹೆಸರು, ದಿನಾಂಕ ಮತ್ತು ಸಮಯ ಕಾಣುವಂತೆ ಗೆಳತಿಯೊಬ್ಬಳು ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದರಿಂದ ನಮ್ಮ ದೂರಿಗೆ ಆಧಾರ ಸಿಕ್ಕಿತು.

ಆದ್ದರಿಂದ ಇಂಥದ್ದು ನಡೆದರೆ ಮೊದಲು ಸ್ಕ್ರೀನ್‌ಶಾಟ್ ಮತ್ತು ಲಿಂಕ್ ತೆಗೆದಿಟ್ಟುಕೊಂಡು, ಆನಂತರವೇ ರಿಪೋರ್ಟ್ ಅಥವಾ ಬ್ಲಾಕ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು. ಹೀಗೆ ತಿದ್ದಿದ ಚಿತ್ರದ ಬಗ್ಗೆ ಸಂತ್ರಸ್ತರೇ ದೂರಿದಾಗ ಅದನ್ನು ತೆಗೆಯುವ ಹೊಣೆಯನ್ನು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಜಾಲತಾಣದ ಕಂಪನಿಯ ಮೇಲೆ ಹೊರಿಸಿವೆ. ಗ್ರೂಪಿನಲ್ಲಿ ತಮಾಷೆಗೆಂದು ಫಾರ್ವರ್ಡ್ ಮಾಡುವ ಹುಡುಗರೂ ತಿಳಿದಿರಲಿ: 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮಿನಡಿ ಅಶ್ಲೀಲ ಚಿತ್ರವನ್ನು ರವಾನಿಸುವುದೂ ಅಪರಾಧ, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು ಮತ್ತು ಐದು ಲಕ್ಷ ರೂಪಾಯಿವರೆಗೆ ದಂಡ.

ಧಾರವಾಡದಲ್ಲೇ ಡಿಮ್ಹಾನ್ಸ್ ಇದ್ದರೂ, ಮನೋರೋಗದ ಆಸ್ಪತ್ರೆಗೆ ಹೋದರೆ ಜನ ಏನೆಂದಾರು ಎಂದು ಅಕ್ಕ, ಭಾವ ಹಿಂಜರಿದರು. ಆ ವಿಳಂಬದಲ್ಲಿ ಹುಡುಗಿ ಮತ್ತಷ್ಟು ಬಳಲಿದಳು. ಅಲ್ಲಿಗೆ ಹೋಗಲು ಧೈರ್ಯ ಸಾಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.