ಮೂರು ನೆಗೆಟಿವ್‌ಗಳಿಂದ ಮರಳಿ ಬಂದ ಹಸಿರು: ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಬ್ಲೂ-ರೇ
ವಾರ್ನರ್ ಬ್ರದರ್ಸ್ 1938ರಲ್ಲಿ ತೆರೆಗೆ ತಂದ ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಟಿವಿಯಲ್ಲಿ. ಅದು ಮಾಸಿದ ಪ್ರತಿ. ಶೆರ್ವುಡ್ ಕಾಡು ಒಣಗಿದ ಸೊಪ್ಪಿನ ಹಾಗೆ ಕಂದಾಗಿ, ರಾಬಿನ್ ಆಗಿ ನಟಿಸಿದ ಎರಾಲ್ ಫ್ಲಿನ್‌ನ ಮುಖ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು. ಇತ್ತೀಚೆಗೆ ತರಿಸಿಕೊಂಡ 2008ರ ಬ್ಲೂ-ರೇಯಲ್ಲಿ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ತಟ್ಟೆ) ಆ ಕಾಡು ಮತ್ತೆ ಹಸಿರಾಗಿದೆ. ಡಬ್ಬಿಯ ಮೂಲೆ ಒಡೆದೇ ಬಂದಿತ್ತು; ಮಾರಿದವರು ಬದಲಿ ಕೊಡಲು ಒಪ್ಪಲಿಲ್ಲ. ತಟ್ಟೆಗೆ ಏನೂ ಆಗಿರದಿದ್ದುದರಿಂದ ನಾನೂ ಸುಮ್ಮನಾದೆ.

ಈ ಚಿತ್ರವನ್ನು ತೆಗೆದ ಟೆಕ್ನಿಕಲರ್ (ಆ ಕಾಲದ ವರ್ಣಚಿತ್ರ ತಂತ್ರ) ಕ್ಯಾಮೆರಾದೊಳಗೆ ಬೆಳಕು ಕೆಂಪು, ಹಸಿರು, ನೀಲಿಯಾಗಿ ಒಡೆದು ಮೂರು ಕಪ್ಪು-ಬಿಳುಪು ನೆಗೆಟಿವ್‌ಗಳ ಮೇಲೆ ಬೀಳುತ್ತಿತ್ತು. ದಶಕಗಳು ಕಳೆದಂತೆ ಅವು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿದಾಗ, ಒಂದರ ಮೇಲೊಂದು ಇಟ್ಟರೂ ಅಂಚುಗಳು ಕೂಡುವುದಿಲ್ಲ. ಅವನ್ನು ಕಂಪ್ಯೂಟರಿನಲ್ಲಿ ಸರಿಹೊಂದಿಸಿ ಜೋಡಿಸಿದ್ದೇ ಈ ಪ್ರತಿಯ ಹೆಗ್ಗಳಿಕೆ. ಕೊಂದ ಜಿಂಕೆಯನ್ನು ಹೆಗಲ ಮೇಲೆ ಹೊತ್ತು ರಾಬಿನ್ ಔತಣದ ಸಭೆಗೆ ನುಗ್ಗಿ, ಅದನ್ನು ರಾಜಕುಮಾರ ಜಾನ್‌ನ ಮುಂದೆ ಎಸೆಯುವ ದೃಶ್ಯವನ್ನೇ ನೋಡಿ. ಮೈಲೋ ಆಂಡರ್ಸನ್ ವಿನ್ಯಾಸಗೊಳಿಸಿದ ಉಡುಪುಗಳಲ್ಲಿ ಮಖಮಲ್ಲಿನ ಮೇಲೆ ಬೆಳಕು ಜಾರುವುದೂ ನಾಯಕಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್‌ಳ ಮುಸುಕಿನ ನೇಯ್ಗೆಯೂ ಬಿಡಿಬಿಡಿಯಾಗಿ ಕಾಣುತ್ತವೆ. 12ನೆಯ ಶತಮಾನದಲ್ಲಿ ಯಾರೂ ಹೀಗೆ ಉಟ್ಟಿರಲಾರರು ಎಂದು ಇತಿಹಾಸಪ್ರಿಯರು ಗೊಣಗಬಹುದು. 1066ರಲ್ಲಿ ನಾರ್ಮನ್ನರು ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದಾಗ ಹುಟ್ಟಿದ ಹಗೆಯನ್ನು 1191ರಲ್ಲೂ ಬಿಸಿಯಾಗಿಟ್ಟಿರುವ ಕಥೆಗೆ ಅಂಥ ನಿಖರತೆ ಬೇಕಾಗಿಯೂ ಇರಲಿಲ್ಲ.

ಕೊನೆಯ ಕತ್ತಿವರಸೆಯನ್ನು ನಾನು ಮೂರು ಸಲ ನೋಡಿದೆ. ಫ್ರೆಡ್ ಕೇವನ್ಸ್ ಸಂಯೋಜಿಸಿದ ಈ ಕಾಳಗ ಮೆಟ್ಟಿಲಿಳಿದು ಸಾಗುವಾಗ, ಕಾದಾಡುವವರು ಮರೆಯಾಗಿ ಕಂಬದ ಮೇಲೆ ಅವರ ದೈತ್ಯ ನೆರಳುಗಳಷ್ಟೇ ಉಳಿಯುತ್ತವೆ. ಹಳೆಯ ಪ್ರತಿಯಲ್ಲಿ ಅದೊಂದು ಮಸುಕು ಕಲೆಯಾಗಿತ್ತು. ಇಲ್ಲಿ ನೆರಳಿನ ಅಂಚು ಚೂಪಾಗಿದೆ. ಖಳನಾಗಿ ನಟಿಸಿದ ಬೇಸಿಲ್ ರಾಥ್‌ಬೋನ್ ವಾಸ್ತವದಲ್ಲಿ ಫ್ಲಿನ್‌ಗಿಂತ ನುರಿತ ಕತ್ತಿಪಟು. ಪಾಪ, ಚಿತ್ರಕಥೆ ಬರೆದವರು ಕೇಳಬೇಕಲ್ಲ!

ಧ್ವನಿ ಮೂಲದಂತೆಯೇ ಮೋನೊ, ಅಂದರೆ ಒಂದೇ ಚಾನೆಲಿನದು. ಅದನ್ನು ಕೃತಕವಾಗಿ ಹಿಗ್ಗಿಸದೆ ಬಿಟ್ಟದ್ದು ಒಳ್ಳೆಯದಾಯಿತು. ಎರಿಕ್ ವುಲ್ಫ್‌ಗ್ಯಾಂಗ್ ಕಾರ್ನ್‌ಗೋಲ್ಡ್‌ನ ಸಂಗೀತವನ್ನು ಮಾತ್ರ ಕೇಳಿಸುವ ಪ್ರತ್ಯೇಕ ಟ್ರ್ಯಾಕ್ ಕೂಡ ಇದೆ. ವಿಯೆನ್ನಾದಲ್ಲಿದ್ದ ಆ ಯಹೂದಿ ಸಂಗೀತಗಾರ ಈ ಕೆಲಸಕ್ಕೆಂದು 1938ರ ಆರಂಭದಲ್ಲಿ ಹಾಲಿವುಡ್‌ಗೆ ಹೋದ; ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಈ ಚಿತ್ರ ತನ್ನ ಪ್ರಾಣ ಉಳಿಸಿತೆಂದು ಆತ ಮುಂದೆ ಹೇಳುತ್ತಿದ್ದ. ಅದನ್ನು ತಿಳಿದು ಕೇಳಿದಾಗ, ಆಸ್ಕರ್ ಗೆದ್ದ ಆ ಕಹಳೆಗಳ ಹುಮ್ಮಸ್ಸು ಬೇರೆಯಾಗಿಯೇ ಕೇಳಿಸಿತು.

ಕೊರತೆಗಳಿಲ್ಲವೆಂದಲ್ಲ. ಒಂದು ದೃಶ್ಯ ಇನ್ನೊಂದರಲ್ಲಿ ಕರಗುವ ಕಡೆಗಳಲ್ಲಿ ಚಿತ್ರ ಮೆತ್ತಗಾಗುತ್ತದೆ. ಹೆಚ್ಚುವರಿ ಸಾಮಗ್ರಿ ಬಹುಪಾಲು ಹಳೆಯ ಡಿವಿಡಿಯ ಗುಣಮಟ್ಟದ್ದೇ. ಅವುಗಳಲ್ಲಿ ಟೆಕ್ನಿಕಲರ್‌ನ ಇತಿಹಾಸ ಹೇಳುವ ಸಾಕ್ಷ್ಯಚಿತ್ರವನ್ನು ಮಾತ್ರ ತಪ್ಪಿಸಬಾರದು. ಮನೆಯಲ್ಲಿ ಚಿಕ್ಕ ಟಿವಿಯಿದ್ದು, 2003ರ ಡಿವಿಡಿಯೂ ಕೈಯಲ್ಲಿದ್ದರೆ ಮತ್ತೆ ಹಣ ಸುರಿಯಬೇಕಿಲ್ಲ. ದೊಡ್ಡ ಪರದೆಯಿದ್ದವರು ಕೊಳ್ಳಬಹುದು; ಆದರೆ ಬಣ್ಣಗಳನ್ನು ಗಾಢವಾಗಿಸುವ ಟಿವಿಯ ‘ವಿವಿಡ್’ ಮೋಡ್ ಅನ್ನು ಮೊದಲು ಆಫ್ ಮಾಡಿಬಿಡಿ, ಇಲ್ಲದಿದ್ದರೆ ರಾಬಿನ್‌ನ ಅಂಗಿ ಗಿಳಿಹಸಿರಾಗಿ ಕಣ್ಣಿಗೆ ರಾಚುತ್ತದೆ.