ಹಳೆ ವಿಸಿಆರ್: ಬೈಗುಳ ಹೆಡ್ಡಿಗೆ, ತಪ್ಪು ರಬ್ಬರಿನದು

ಅಟ್ಟದ ಮೇಲಿನ ಟ್ರಂಕಿನಲ್ಲಿ ಮದುವೆ, ಮುಂಜಿ, ಗೃಹಪ್ರವೇಶದ ವಿಎಚ್‌ಎಸ್ ಕ್ಯಾಸೆಟ್ ಇಟ್ಟುಕೊಂಡವರಿಗೆ ಈಗ ವಿಸಿಆರ್ ಬೇಕೆಂದರೆ ಸೆಕೆಂಡ್ ಹ್ಯಾಂಡೇ ಗತಿ. ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರ ಜುಲೈನಲ್ಲಿ ಕೈಬಿಟ್ಟಿತು. ಬೆಂಗಳೂರಿನ ಸಂಡೇ ಬಜಾರಿನಲ್ಲೋ ಆನ್‌ಲೈನಿನಲ್ಲೋ 'ವರ್ಕಿಂಗ್ ಕಂಡಿಷನ್' ಎಂದು ಸಿಗುವ ಯಂತ್ರಗಳಲ್ಲಿ ಹೆಚ್ಚಿನವು ಇಪ್ಪತ್ತು, ಮೂವತ್ತು ವರ್ಷ ಹಳೆಯವು. ವರ್ಕಿಂಗ್ ಎಂದರೆ ಬಹಳ ಸಲ ಮುಂದಿನ ಲೈಟು ಉರಿಯುತ್ತದೆ ಅಂತ ಮಾತ್ರ. ಕೊಳ್ಳಬಹುದು, ಆದರೆ ಒಂದೇ ಒಂದು ಪ್ರತಿ ಇರುವ ಕ್ಯಾಸೆಟ್ಟನ್ನು ಮೊದಲ ದಿನವೇ ಅದರ ಬಾಯಿಗೆ ಕೊಡಬಾರದು.

ಚಿತ್ರ ಕೆಟ್ಟರೆ 'ಹೆಡ್ ಹೋಗಿದೆ' ಎನ್ನುವುದು ರೂಢಿ. ಹೆಡ್, ಅಂದರೆ ಟೇಪಿನಿಂದ ಚಿತ್ರ ಓದುವ ಭಾಗ, ಅಷ್ಟು ಬೇಗ ಹೋಗುವುದಿಲ್ಲ. ಕೂತಲ್ಲೇ ಕೆಡುವುದು ರಬ್ಬರು. ವಿಸಿಆರ್ ಒಳಗೆ ಮುಖ್ಯವಾಗಿ ಮೂರು ಕಡೆ ರಬ್ಬರಿದೆ: ಟೇಪನ್ನು ಕ್ಯಾಪ್‌ಸ್ಟನ್ ಕಡ್ಡಿಗೆ ಒತ್ತಿ ಎಳೆಯುವ ಪಿಂಚ್ ರೋಲರ್, ರೀಲು ಸುತ್ತಿಸುವ ಐಡ್ಲರ್ ಚಕ್ರದ ಟಯರು, ಮತ್ತು ಕ್ಯಾಸೆಟ್ ಒಳಗೆಳೆಯುವ ಲೋಡಿಂಗ್ ಬೆಲ್ಟು. ಯಂತ್ರವನ್ನು ಬಳಸಲಿ, ಬಿಡಲಿ, ವರ್ಷ ಕಳೆದಂತೆ ಇವು ಗಟ್ಟಿಯಾಗಿ ಹೊಳಪು ಬಂದು ಹಿಡಿತ ಕಳೆದುಕೊಳ್ಳುತ್ತವೆ. 'ಒಂದೇ ಸಲ ಬಳಸಿದ್ದು, ಪೆಟ್ಟಿಗೆಯಲ್ಲೇ ಇತ್ತು' ಎನ್ನುವ ಯಂತ್ರವೇ ಕೈಕೊಡುವುದು ಇದೇ ಕಾರಣಕ್ಕೆ.

ಐಡ್ಲರ್ ಜಾರಿದಾಗ ಟೇಪು ತಿನ್ನುವ ಕಾಯಿಲೆ ಶುರು. ಕ್ಯಾಪ್‌ಸ್ಟನ್ ಟೇಪನ್ನು ಸೆಕೆಂಡಿಗೆ 23.39 ಮಿ.ಮೀ. ವೇಗದಲ್ಲಿ ಹೊರಗೆ ತಳ್ಳುತ್ತಲೇ ಇರುತ್ತದೆ, ಈಚೆ ಬದಿಯ ರೀಲು ಅದನ್ನು ಸುತ್ತಿಕೊಳ್ಳುವುದಿಲ್ಲ. ರೀಲು ತಿರುಗುತ್ತಿಲ್ಲ ಎಂದು ಸೆನ್ಸರ್ ಕಂಡುಹಿಡಿದು ಕೆಲವೇ ಸೆಕೆಂಡಿನಲ್ಲಿ ಯಂತ್ರ ನಿಲ್ಲಿಸುತ್ತದೆ, ಆದರೆ ಅಷ್ಟರಲ್ಲಿ ಸಡಿಲ ಟೇಪು ಹೊರಗೆ ಬಂದಾಗಿರುತ್ತದೆ. ನಾವು ಗಾಬರಿಯಿಂದ ಎಜೆಕ್ಟ್ ಒತ್ತುತ್ತೇವೆ, ಕ್ಯಾಸೆಟ್ಟಿನ ಮುಚ್ಚಳದಡಿ ಸಿಕ್ಕಿಕೊಂಡು ತಾಳಿ ಕಟ್ಟುವ ದೃಶ್ಯವೇ ಸುಕ್ಕಾಗುತ್ತದೆ. ಪ್ಲೇ ಶುರುವಾಗಿ ತಾನೇ ನಿಂತುಹೋಗುವ ಯಂತ್ರದಲ್ಲಿ ಎರಡನೇ ಸಲ ಪ್ಲೇ ಒತ್ತಬೇಡಿ. ಪ್ಲಗ್ ಕಿತ್ತು, ಮೇಲಿನ ಮುಚ್ಚಳ ತೆಗೆದು, ಲೋಡಿಂಗ್ ಮೋಟರಿನ ಪುಲ್ಲಿಯನ್ನು ಬೆರಳಿನಿಂದ ನಿಧಾನ ತಿರುಗಿಸಿದರೆ ಟೇಪು ಹೆಡ್ ಕೂತಿರುವ ಡ್ರಮ್ಮಿನಿಂದ ಬಿಡಿಸಿಕೊಳ್ಳುತ್ತದೆ. ಸಡಿಲವಾದದ್ದನ್ನು ಕ್ಯಾಸೆಟ್ ರೀಲು ತಿರುಗಿಸಿ ಒಳಗೆ ಸುತ್ತಬೇಕು, ಎಳೆಯಬಾರದು.

ಐಡ್ಲರ್ ಟಯರಿಗೆ ಅದೇ ಅಳತೆಯ ಓ-ರಿಂಗ್ (ರಬ್ಬರ್ ಬಳೆ) ಹಾಕಿದರೆ ಬಹಳ ಯಂತ್ರಗಳು ಎದ್ದು ಕೂರುತ್ತವೆ. ಪಿಂಚ್ ರೋಲರನ್ನು ಮರಳು ಕಾಗದದಿಂದ ಉಜ್ಜಿ ಹೊಸದು ಮಾಡುವ ರಿಪೇರಿಯವರಿದ್ದಾರೆ. ಅದನ್ನು ಒಪ್ಪಬೇಡಿ: ರೋಲರ್ ಕೂದಲೆಳೆಯಷ್ಟು ಓರೆಯಾದರೂ ಟೇಪು ಮೇಲಕ್ಕೋ ಕೆಳಕ್ಕೋ ಸರಿದು ಅಂಚು ಮಡಚಿಕೊಳ್ಳುತ್ತದೆ. ಟೇಪಿನ ಒಂದಂಚಿನಲ್ಲಿ ಧ್ವನಿ, ಇನ್ನೊಂದಂಚಿನಲ್ಲಿ ಟೇಪಿನ ಓಟವನ್ನು ಸರಿಹೊಂದಿಸುವ ಕಂಟ್ರೋಲ್ ಟ್ರ್ಯಾಕ್ ಇರುವುದರಿಂದ ಯಾವ ಅಂಚು ಮಡಚಿದರೂ ನಷ್ಟವೇ.

ಕ್ಯಾಸೆಟ್ ನುಂಗಿ ತಕ್ಷಣ ಉಗುಳುವುದು, ಪ್ಲೇ ಒತ್ತಿದರೆ ರಿವೈಂಡ್ ಆಗುವುದು, ಇಂಥ ಹುಚ್ಚಾಟಕ್ಕೆ ಹೆಚ್ಚಾಗಿ, ಯಂತ್ರ ಯಾವ ಹಂತದಲ್ಲಿದೆ ಎಂದು ತಿಳಿಸುವ ಮೋಡ್ ಸ್ವಿಚ್ಚಿನೊಳಗೆ ಕಪ್ಪಾದ ಗ್ರೀಸ್ ಕಾರಣ. ಬಿಚ್ಚಿ ತೊಳೆದರೆ ಸರಿಹೋಗುತ್ತದೆ. ಇಲ್ಲೊಂದು ತಮಾಷೆ ಇದೆ. ಟೇಪು ಮುಗಿದದ್ದನ್ನು ತಿಳಿಯಲು ಕ್ಯಾಸೆಟ್ಟಿನ ನಡುವೆ ಒಂದು ದೀಪ, ಎರಡು ಬದಿಗೆ ಬೆಳಕಿನ ಸೆನ್ಸರ್ ಇರುತ್ತವೆ. ಮುಚ್ಚಳ ತೆಗೆದು ಕಿಟಕಿ ಬಿಸಿಲಲ್ಲಿ ಪರೀಕ್ಷಿಸಿದರೆ ಸೆನ್ಸರಿಗೆ ಹೊರಬೆಳಕು ಬಿದ್ದು, ಟೇಪು ಮುಗಿಯಿತೆಂದು ಭ್ರಮಿಸಿ ಚೆನ್ನಾಗಿರುವ ಯಂತ್ರವೂ ನಿಲ್ಲುತ್ತದೆ. ಮೇಲೊಂದು ರಟ್ಟು ಮುಚ್ಚಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ.

ಸ್ವಿಚ್ ಹಾಕಿದರೆ ಏನೂ ಇಲ್ಲ, ಅಥವಾ ಡಿಸ್‌ಪ್ಲೇ ಮಿಣುಕಿ ಆರುತ್ತದೆ ಎಂದರೆ ಪವರ್ ಸಪ್ಲೈಯಲ್ಲಿ ಕೆಪಾಸಿಟರ್ ಒಣಗಿರುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಅಗ್ಗದ ಭಾಗವೇ. ಆದರೆ 230 ವೋಲ್ಟ್ ಕರೆಂಟು ಒಳಗೆ ಡಿಸಿಯಾಗಿ ಸುಮಾರು 325 ವೋಲ್ಟ್ ಆಗುತ್ತದೆ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಉಳಿದಿರಬಹುದು. ಈ ಒಂದು ಕೆಲಸವನ್ನು ಗೊತ್ತಿದ್ದವರಿಗೇ ಬಿಡಿ.

ಹೆಡ್ಡಿಗೆ ಬರೋಣ. 62 ಮಿ.ಮೀ. ವ್ಯಾಸದ ಡ್ರಮ್ಮು ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಟಿವಿ ಪದ್ಧತಿಯಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಎದುರುಬದುರಿನ ಎರಡು ಹೆಡ್‌ಗಳು ಸರದಿಯಲ್ಲಿ ಅರ್ಧರ್ಧ ಚಿತ್ರ ಓದುತ್ತವೆ. ಒಂದರಲ್ಲಿ ಕೊಳೆ ಕೂತರೆ ಚಿತ್ರ ಇರುತ್ತದೆ, ಮೇಲೆ ಮಂಡಕ್ಕಿ ಚೆಲ್ಲಿದಂತೆ ಚುಕ್ಕಿ. ಎರಡೂ ಕಟ್ಟಿಕೊಂಡರೆ ಬರೀ ಚುಕ್ಕಿ, ಧ್ವನಿ ಮಾತ್ರ ಸರಿಯಾಗಿ ಬರುತ್ತದೆ, ಏಕೆಂದರೆ ಸಾಮಾನ್ಯ ಧ್ವನಿಯ ಹೆಡ್ ಬೇರೆ. ತೊಳೆಯಲು ಕಿವಿ ಕಡ್ಡಿ ಬೇಡ, ಹತ್ತಿಯ ಎಳೆ ಸಿಕ್ಕಿ ಹೆಡ್ಡಿನ ತುದಿ ಮುರಿಯುತ್ತದೆ. ಮೆತ್ತನೆಯ ಚರ್ಮದ ತುಂಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಡ್ರಮ್ಮಿಗೆ ಹಗುರವಾಗಿ ಆನಿಸಿ, ಇನ್ನೊಂದು ಕೈಯಿಂದ ಡ್ರಮ್ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದಿರೋ, ಹೆಡ್ ಕತೆ ಮುಗಿಯಿತು. ಹದಿನೈದು ನಿಮಿಷ ಒಣಗಲು ಬಿಟ್ಟು ಆಮೇಲೆ ಕ್ಯಾಸೆಟ್ ಹಾಕಿ. ಒಣ ಕ್ಲೀನಿಂಗ್ ಕ್ಯಾಸೆಟ್ ಹೆಡ್ಡನ್ನು ಸವೆಸುತ್ತದೆ, ತಿಂಗಳಿಗೊಮ್ಮೆ ಅಂತ ಅಭ್ಯಾಸ ಮಾಡಿಕೊಳ್ಳಬೇಡಿ.

ಹೆಡ್ ಪದೇ ಪದೇ ಕಟ್ಟಿಕೊಂಡರೆ ಅಪರಾಧಿ ಕ್ಯಾಸೆಟ್ಟು. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ, ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತದೆ. ಅಂಥದ್ದನ್ನು ಯಂತ್ರಕ್ಕೆ ಹಾಕಿದರೆ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ ರೀಲನ್ನು ಬೇರೆ ಕ್ಯಾಸೆಟ್ಟಿನ ಶುದ್ಧ ಚಿಪ್ಪಿಗೆ ವರ್ಗಾಯಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಮೆತ್ತನೆಯ ಬಟ್ಟೆಯ ನಡುವೆ ಟೇಪನ್ನು ಹಾಯಿಸಿ ಸುತ್ತಬೇಕು. ಬೇಸರದ ಕೆಲಸ, ಅಡ್ಡದಾರಿ ಇಲ್ಲ.

ರೆಕಾರ್ಡಿಂಗ್ ವಿಷಯ ಚುಟುಕಾಗಿ: ಇವುಗಳ ಟೈಮರನ್ನು ನಂಬಿದವರು ಕೆಟ್ಟರು. ಬ್ಯಾಕಪ್ ಇಲ್ಲದ ಮಾದರಿಯಲ್ಲಿ ಒಂದು ಸಲ ಕರೆಂಟು ಹೋದರೆ ಗಡಿಯಾರವೂ ಹೋಯಿತು, ಹಾಕಿಟ್ಟ ಟೈಮರೂ ಹೋಯಿತು. ಇದಕ್ಕಿಂತ ಮೋಸದ್ದು ಟೇಪಿಗೆ ದಾರಿ ಹಿಡಿಸುವ ಗೈಡ್ ಸರಿದ ಯಂತ್ರ. ಅದರಲ್ಲೇ ಮಾಡಿದ ರೆಕಾರ್ಡಿಂಗ್ ಅದರಲ್ಲೇ ಚೆನ್ನಾಗಿ ಕಾಣುತ್ತದೆ, ಬೇರೆ ಮನೆಯ ಯಂತ್ರದಲ್ಲಿ ಎಷ್ಟು ಟ್ರ್ಯಾಕಿಂಗ್ ತಿರುಗಿಸಿದರೂ ಗೆರೆ ಹೋಗುವುದಿಲ್ಲ. ಅಂಗಡಿಯಲ್ಲಿ ಪರೀಕ್ಷಿಸುವಾಗ ಅವರ ಕ್ಯಾಸೆಟ್ ಬೇಡ, ಹೋದರೂ ಚಿಂತೆಯಿಲ್ಲದ ನಿಮ್ಮದೊಂದನ್ನು ಒಯ್ಯಿರಿ. ಹತ್ತು ನಿಮಿಷ ಓಡಿಸಿ, ಕೊನೆಯವರೆಗೆ ಫಾರ್ವರ್ಡ್, ಪೂರ್ತಿ ರಿವೈಂಡ್, ನಡುವೆ ನಿಲ್ಲಿಸಿ ಎಜೆಕ್ಟ್. ಹೊರಬಂದ ಕ್ಯಾಸೆಟ್ಟಿನ ಮುಚ್ಚಳ ಎತ್ತಿದಾಗ ಟೇಪು ಜೋತಾಡುತ್ತಿದ್ದರೆ ಬೆಲೆ ಎಷ್ಟೇ ಇಳಿದರೂ ಬೇಡ. ಚಿತ್ರದ ತೀರಾ ತಳದಲ್ಲಿ ಒಂದು ತೆಳು ನಡುಗುವ ಗೆರೆ ಇದ್ದರೆ ಅದು ದೋಷವಲ್ಲ, ಹೆಡ್ ಬದಲಾಗುವ ಜಾಗ. ಅಮೆರಿಕದ ಮಕ್ಕಳು ಕಳಿಸಿದ ಕ್ಯಾಸೆಟ್ ಇದ್ದರೆ ಅದು ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿಯದು, ಇಲ್ಲಿನ ಬರೀ ಪಾಲ್ ಯಂತ್ರದಲ್ಲಿ ಸರಿ ಬಾರದು. ಮಲ್ಟಿ ಸಿಸ್ಟಂ ಎಂದು ಬರೆದಿರುವುದನ್ನೇ ಹುಡುಕಿ, ಗಲ್ಫಿನಿಂದ ಬಂದ ಯಂತ್ರಗಳಲ್ಲಿ ಅಂಥವು ಸಿಗುತ್ತವೆ.

ಕಂಪ್ಯೂಟರಿಗೆ ಇಳಿಸಲು 720x576 ಅಳತೆ, ಸೆಕೆಂಡಿಗೆ 25 ಫ್ರೇಮ್ ಇಡಿ. ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗಳು ಚಿತ್ರ ನಡುಗಿದಾಗ ಫ್ರೇಮ್ ಬಿಟ್ಟುಬಿಡುತ್ತವೆ, ಗಂಟೆ ಕಳೆಯುವಷ್ಟರಲ್ಲಿ ಮದುಮಗ ಮುಂದೆ, ವಾಲಗ ಹಿಂದೆ. ಹಾಗಾಗಿ ಫೈಲಿನ ಆರಂಭ ನೋಡಿ ಸಮಾಧಾನಪಡದೆ ಕೊನೆಯ ಐದು ನಿಮಿಷದ ಧ್ವನಿ ತುಟಿಗೆ ಹೊಂದುತ್ತಿದೆಯೇ ಎಂದು ನೋಡಿ, ಎರಡು ಕಡೆ ಪ್ರತಿ ಇಟ್ಟು, ಆಮೇಲೆ ಯಂತ್ರ ಮಾರಿ.