ಕ್ರೀಡಾಂಗಣದ ಪಕ್ಕದ ಕೊಠಡಿ: ಯುವ ಸ್ಪಂದನ ಕೇಂದ್ರದಲ್ಲಿ ನಾನು ಕಂಡದ್ದು

ನನ್ನ ಅಕ್ಕನ ಮಗನಿಗೆ ಈಗ ಹದಿನೇಳು. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಪಡೆದು, ಮನೆಯವರೆಲ್ಲರ ಆಸೆಯಂತೆ ಪಿಯುಸಿ ವಿಜ್ಞಾನಕ್ಕೆ ಸೇರಿದ್ದ. ದಸರಾ ರಜೆಯ ಹೊತ್ತಿಗೆ ಹೊತ್ತುಹೊತ್ತಿನ ಊಟ ಬಿಟ್ಟ, ಮಾತು ಬಿಟ್ಟ. ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂತು, ಬೆಳಗ್ಗೆ ಕಾಲೇಜಿಗೆ ಹೋಗುವುದಿಲ್ಲವೆಂದು ಮುಸುಕೆಳೆದು ಮಲಗತೊಡಗಿದ. ದೃಷ್ಟಿ ತಾಕಿದೆ ಎಂದವರುಂಟು, ಕೊಬ್ಬು ಹೆಚ್ಚಿದೆ ಎಂದವರೂ ಉಂಟು.

ಮೊದಲು ನಾವು ಹೋದದ್ದು ನಗರದ ಒಂದು ಖಾಸಗಿ ಕ್ಲಿನಿಕ್ಕಿಗೆ. ಎರಡು ಗಂಟೆ ಕಾದ ಮೇಲೆ ಸಿಕ್ಕಿದ್ದು ಹತ್ತು ನಿಮಿಷ. ಪ್ರಶ್ನೆಗಳನ್ನು ಕೇಳಿದ್ದು ಅಕ್ಕನನ್ನು, ಉತ್ತರಿಸಿದ್ದೂ ಅಕ್ಕನೇ. ಹುಡುಗ ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತಿದ್ದ. ಔಷಧಿಯ ಬಗ್ಗೆ ನನ್ನ ತಕರಾರಿಲ್ಲ, ಅಗತ್ಯವಿರುವವರಿಗೆ ಅದು ಬೇಕೇ ಬೇಕು. ಆದರೆ ಅವನ ಬಾಯಿಂದ ಒಂದು ಮಾತೂ ಹೊರಡದೆ ಬರೆದುಕೊಟ್ಟ ಚೀಟಿಯನ್ನು ಅವನು ತನ್ನದೆಂದು ಒಪ್ಪಲೇ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, "ನಾನು ಹುಚ್ಚನಾ ಮಾಮಾ?" ಎಂದು ಕೇಳಿದ.

ಇದಾದ ಮೇಲೆ ಪರಿಚಿತ ಶಿಕ್ಷಕಿಯೊಬ್ಬರ ಸಲಹೆಯಂತೆ ಜಿಲ್ಲಾ ಕೇಂದ್ರದ ಯುವ ಸ್ಪಂದನಕ್ಕೆ ಕರೆದುಕೊಂಡು ಹೋದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್‌ನ ಎಪಿಡೆಮಿಯಾಲಜಿ (ಜನರಲ್ಲಿ ಕಾಯಿಲೆಗಳು ಎಷ್ಟು, ಹೇಗೆ ಹರಡಿವೆ ಎಂಬುದರ ಅಧ್ಯಯನ) ವಿಭಾಗದ ನೆರವಿನೊಂದಿಗೆ 2014ರಲ್ಲಿ ಆರಂಭಿಸಿದ ಕಾರ್ಯಕ್ರಮವಿದು. ಓದು, ಸಂಬಂಧ, ಸುರಕ್ಷತೆ, ವ್ಯಕ್ತಿತ್ವ, ಆರೋಗ್ಯ, ಲೈಂಗಿಕತೆ ಇವುಗಳಲ್ಲಿ ಯಾವುದರ ಬಗ್ಗೆಯಾದರೂ ಇಲ್ಲಿ ಮಾತನಾಡಬಹುದು. ಯುವ ಪರಿವರ್ತಕರೆಂದು ಕರೆಯಲಾಗುವ, ತರಬೇತಿ ಪಡೆದ ಸ್ಥಳೀಯ ಯುವಕ ಯುವತಿಯರು ಇದರ ಬೆನ್ನೆಲುಬು.

ನಮ್ಮಲ್ಲಿ ಈ ಕೇಂದ್ರವಿರುವುದು ಜಿಲ್ಲಾ ಕ್ರೀಡಾಂಗಣದ ಆವರಣದಲ್ಲಿ. ಇದೇನು ದೊಡ್ಡ ವಿಷಯವೆಂದು ಕೇಳಬಹುದು. ನನ್ನ ಪ್ರಕಾರ ಇದು ಬಹಳ ದೊಡ್ಡ ವಿಷಯ. ಮನೋವೈದ್ಯರ ಬೋರ್ಡಿನ ಕೆಳಗೆ ನಿಂತ ಹುಡುಗನ ಸುದ್ದಿ ಅವನಿಗಿಂತ ಮೊದಲೇ ಊರು ಸೇರಿರುತ್ತದೆ. ಕ್ರೀಡಾಂಗಣಕ್ಕೆ ಹೋದ ಹುಡುಗನನ್ನು ಯಾಕೆ ಹೋಗಿದ್ದೆ ಎಂದು ಯಾರೂ ಕೇಳುವುದಿಲ್ಲ.

ಒಳಗಿದ್ದವರು ಇಪ್ಪತ್ತೈದು ಇಪ್ಪತ್ತಾರರ ಒಬ್ಬ ಯುವಕ. "ಊಟ ಆಯ್ತೇನಪ್ಪಾ? ಎಷ್ಟು ಗಂಟೆ ಬಸ್ಸಿಗೆ ಬಂದ್ರಿ?" ಎಂದು ಹುಡುಗನನ್ನೇ ಕೇಳಿ, ನನ್ನ ಕಡೆ ತಿರುಗಿ, "ಸರ್, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಎಂದರು. ಗ್ಯಾಲರಿಯ ಮೆಟ್ಟಿಲ ಮೇಲೆ ಮುಕ್ಕಾಲು ಗಂಟೆ ಕುಳಿತಿದ್ದೆ. ಮತ್ತೆ ಒಳಗೆ ಕರೆದಾಗ ಅವರು ಮೊದಲು ಹುಡುಗನ ಮುಖ ನೋಡಿ, "ಮಾಮನಿಗೆ ಯಾವ್ದು ಹೇಳ್ಲಿ, ಯಾವ್ದು ಬೇಡ?" ಎಂದು ಕೇಳಿದರು. ಈ ಒಂದು ಪ್ರಶ್ನೆಯಿಂದಾಗಿಯೇ ನಾನು ಈ ವಿಮರ್ಶೆ ಬರೆಯುತ್ತಿದ್ದೇನೆ. ಅದುವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಅದನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಎರಡನೆಯ ಸಲ ಹೋಗುವಾಗ ಅವನು ತಾನಾಗಿಯೇ ಭೌತಶಾಸ್ತ್ರದ ನೋಟ್ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡ. ಅಲ್ಲಿ ಮೇಜಿನ ಮೇಲೆ ಬಿಡಿಸಿಟ್ಟಾಗಷ್ಟೇ ನಾನು ಅದನ್ನು ನೋಡಿದ್ದು. ಉಪನ್ಯಾಸಕರು ಇಂಗ್ಲಿಷಿನಲ್ಲಿ ಹೇಳುವ ವೇಗಕ್ಕೆ ಕಾಗುಣಿತ ಸಿಗದೆ ಅವನು ಪುಟಗಟ್ಟಲೆ ಪಾಠವನ್ನು ಕನ್ನಡ ಅಕ್ಷರಗಳಲ್ಲೇ ಬರೆದುಕೊಂಡಿದ್ದ: ವೆಲಾಸಿಟಿ, ಆಕ್ಸಲರೇಷನ್, ಯೂನಿಫಾರ್ಮ್ ಮೋಷನ್. ಕೆಲವು ಸಾಲುಗಳು ಅರ್ಧಕ್ಕೇ ನಿಂತಿದ್ದವು. ನವೆಂಬರಿನ ನಂತರದ ಪುಟಗಳೆಲ್ಲ ಖಾಲಿ. ಮೊಬೈಲ್ ಚಟವೆಂದು ನಾವು ಬೈಯುತ್ತಿದ್ದುದರ ಹಿಂದೆ ಈ ಖಾಲಿ ಪುಟಗಳಿದ್ದವು. ಆ ಯುವಕ ಅದನ್ನು ಬೇಗ ಗುರುತಿಸಿದ್ದಕ್ಕೆ ಕಾರಣವಿದೆ. ಅವರೂ ಹಳ್ಳಿಯ ಕನ್ನಡ ಶಾಲೆಯಲ್ಲೇ ಓದಿ ಬಂದವರು. ಸಮುದಾಯದೊಳಗಿನಿಂದಲೇ ಸಲಹೆಗಾರರನ್ನು ಆರಿಸಿ ತಯಾರು ಮಾಡುವುದರ ಪ್ರಯೋಜನ ಇದೇ ಎಂಬುದು ನನಗೆ ಆಗ ಮನದಟ್ಟಾಯಿತು.

ಪವಾಡವೇನೂ ನಡೆಯಲಿಲ್ಲ. ನಾಲ್ಕು ಭೇಟಿಗಳಲ್ಲಿ ನಿದ್ದೆಯ ಹೊತ್ತು ಸರಿಹೋಯಿತು, ಊಟಕ್ಕೆ ಎಲ್ಲರೊಂದಿಗೆ ಕೂರತೊಡಗಿದ, ಊರಿನ ಒಬ್ಬ ಪದವಿ ವಿದ್ಯಾರ್ಥಿಯ ಬಳಿ ಸಂಜೆ ಪಾಠ ಹೇಳಿಸಿಕೊಳ್ಳಲು ಒಪ್ಪಿದ. ವಿಜ್ಞಾನವನ್ನೇ ಮುಂದುವರಿಸಬೇಕೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅಕ್ಕ ಭಾವ ಅದನ್ನು ಅವನಿಗೇ ಬಿಡಲು ಕಲಿಯುತ್ತಿದ್ದಾರೆ, ಕಷ್ಟಪಟ್ಟು.

ಸೇವೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ನನ್ನ ಕೊರಗು ಅದರ ವ್ಯಾಪ್ತಿಯ ಬಗ್ಗೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಅದೇ ಲೆಕ್ಕ ಹಿಡಿದರೆ ಎಂಬತ್ತು ಮಕ್ಕಳ ಒಂದು ಪಿಯು ತರಗತಿಯಲ್ಲಿ ಐದಾರು ಮಂದಿಯಾಗುತ್ತಾರೆ. ತಾಲ್ಲೂಕಿನ ಅಂಚಿನ ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬರಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ, ಕರೆತರುವವರು ಬೇಕು, ಹುಡುಗಿಯಾದರೆ ಮನೆಯ ಹತ್ತು ಪ್ರಶ್ನೆಗಳಿಗೆ ಉತ್ತರ ಬೇಕು. ಹಾಗಾಗಿ ಇಂಥ ಕೊಠಡಿಯೊಂದು ಹೋಬಳಿಗೊಂದರಂತೆ ಇರಬೇಕು: ಗ್ರಂಥಾಲಯದ ಒಂದು ಬದಿಯಲ್ಲಾದರೂ ಸರಿ, ಪ್ರೌಢಶಾಲೆಯ ಖಾಲಿ ಕೋಣೆಯಲ್ಲಾದರೂ ಸರಿ, ಬಾಗಿಲು ಮುಚ್ಚಿ ಮಾತನಾಡುವಂತಿದ್ದರೆ ಸಾಕು. ಆಶಾ ಕಾರ್ಯಕರ್ತೆಯರನ್ನು ಊರೂರಲ್ಲಿ ನಿಲ್ಲಿಸಲು ಸಾಧ್ಯವಾದ ನಾಡಿಗೆ ಇದು ಅಸಾಧ್ಯವೆಂದು ನಾನು ನಂಬುವುದಿಲ್ಲ.

ಹೋಗುವವರಿಗೆ ಎರಡು ಮಾತು. ಮಗುವನ್ನು ಒಳಗೆ ಒಂಟಿಯಾಗಿ ಮಾತನಾಡಲು ಬಿಡಿ; ಹೊರಗೆ ಬಂದ ಮೇಲೆ "ಏನು ಹೇಳಿದೆ?" ಎಂದು ಪೀಡಿಸಬೇಡಿ. ಮಗು ಸಾಯುವ ಮಾತನಾಡಿದರೆ ಅಥವಾ ತನಗೆ ತಾನೇ ಗಾಯ ಮಾಡಿಕೊಂಡರೆ ಕೇಂದ್ರದ ಬಾಗಿಲು ತೆರೆಯುವವರೆಗೆ ಕಾಯಬೇಡಿ, ಪಕ್ಕದಲ್ಲೇ ಇದ್ದು ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೆಯವರಿಂದಲೇ ತೊಂದರೆಯಿರುವ ಮಕ್ಕಳಿಗೆ ಮಕ್ಕಳ ಸಹಾಯವಾಣಿ 1098 ಇದೆ. ನಮ್ಮ ಮನೆಯಲ್ಲಿ ಎರಡೂ ಸಂಖ್ಯೆಗಳನ್ನು ಫ್ರಿಜ್ಜಿನ ಮೇಲೆ, ಗ್ಯಾಸ್ ಏಜೆನ್ಸಿಯ ನಂಬರಿನ ಪಕ್ಕದಲ್ಲಿ ಅಂಟಿಸಿದ್ದೇವೆ.